ಗ್ವಾಟೆಮಾಲಾದಲ್ಲಿ ಮೂರು ವಾರ: ಸ್ಪ್ಯಾನಿಷ್ ಕಲಿತು, ಮಾಯಾ ನಗರಗಳನ್ನು ನೋಡಿ ಬರುವುದು ಹೇಗೆ

ಮಧ್ಯ ಅಮೆರಿಕಕ್ಕೆ ಹೋಗಬೇಕು ಅಂದುಕೊಂಡವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ನಕ್ಷೆ ತೆಗೆದು ಬೆಲೀಜ್‌ನಿಂದ ಪನಾಮಾವರೆಗೆ ಏಳೂ ದೇಶಗಳ ಮೇಲೆ ಬೆರಳಾಡಿಸುವುದು. ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿಂದ ಹೋಗಿಬರುವುದಕ್ಕೇ ಮೂರು ನಾಲ್ಕು ದಿನ ಬೇಕು. ಉಳಿದ ದಿನಗಳನ್ನು ಗಡಿ ಠಾಣೆ, ಬಸ್ ನಿಲ್ದಾಣಗಳಲ್ಲಿ ಕಳೆದರೆ ನೋಡಿದ್ದೇನು, ಕಲಿತದ್ದೇನು?

ನನ್ನ ಸಲಹೆ ಇಷ್ಟೇ. ಗ್ವಾಟೆಮಾಲಾ ಒಂದನ್ನೇ ಇಟ್ಟುಕೊಳ್ಳಿ. ಮೊದಲ ಎರಡು ವಾರ ಭಾಷೆ, ಮೂರನೇ ವಾರ ಅಲ್ಲಿನ ಮೂಲ ನಿವಾಸಿಗಳಾದ ಮಾಯಾ ಜನ ಹಿಂದೆ ಕಟ್ಟಿದ ದೊಡ್ಡ ನಗರಗಳು. ಈ ಕ್ರಮ ಮುಖ್ಯ. ತುಂಬಾ ಜನ ಮೊದಲು ತಿಕಾಲ್ ಎಂಬ ಹಳೇ ಮಾಯಾ ನಗರ ನೋಡಿ, ಆಮೇಲೆ ದಣಿದು ಬಂದು ತರಗತಿಯಲ್ಲಿ ಕೂರುತ್ತಾರೆ. ಅದನ್ನು ತಿರುಗಿಸಿ. ಎರಡು ವಾರ ದಿನಾ ನಾಲ್ಕು ಗಂಟೆ ಸ್ಪ್ಯಾನಿಷ್ ಮಾತಾಡಿ ಹೋದರೆ, ಆ ಊರಿನಲ್ಲೇ ಹುಟ್ಟಿ ಬೆಳೆದ ಗೈಡ್ ಹೇಳುವುದು ಅರ್ಧವಾದರೂ ಅರ್ಥವಾಗುತ್ತದೆ, ನೀವೂ ತಿರುಗಿ ಒಂದು ಪ್ರಶ್ನೆ ಕೇಳಬಹುದು. ಸುಮ್ನೆ ಫೋಟೋ ತೆಗೆದು ಬರುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ.

ಹೆಜ್ಜೆ 1: ತಿಂಗಳು ಆರಿಸಿ

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ಮೇನಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಆದರೆ ಬೆಟ್ಟದ ಊರುಗಳಲ್ಲಿ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ, ಬೆಳಿಗ್ಗೆ ತರಗತಿಗೆ ತೊಂದರೆ ಇಲ್ಲ. ಹಾಗಾಗಿ ಜೂನ್, ಜುಲೈ ರಜೆ ಮಾತ್ರ ಸಿಗುತ್ತದೆ ಅನ್ನುವವರು ಹೆದರಬೇಕಾಗಿಲ್ಲ.

ಎರಡು ಸಂದರ್ಭ ವಿಶೇಷ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಆಂತಿಗ್ವಾ ಊರಿನ ಕಲ್ಲುಹಾಸಿನ ಬೀದಿಗಳಲ್ಲಿ ಬಣ್ಣದ ಮರದ ಹೊಟ್ಟಿನಿಂದ ದೊಡ್ಡ ಹಾಸುಗಳನ್ನು ಬಿಡಿಸುತ್ತಾರೆ. ಮೆರವಣಿಗೆ ಅದರ ಮೇಲೇ ನಡೆದುಹೋಗುತ್ತದೆ. ಇನ್ನೊಂದು ನವೆಂಬರ್ 1. ಅಂದು ಸುಂಪಾಂಗೊ ಮತ್ತು ಸಾಂತಿಯಾಗೊ ಸಕಾತೆಪೆಕೆಸ್ ಊರುಗಳಲ್ಲಿ ಬಿದಿರು ಮತ್ತು ತೆಳು ಕಾಗದದ ದೈತ್ಯ ಗಾಳಿಪಟಗಳನ್ನು ನಿಲ್ಲಿಸುತ್ತಾರೆ, ಕೆಲವು ಮನೆಗಿಂತ ಎತ್ತರ. ಪವಿತ್ರ ವಾರಕ್ಕೆ ಹೋಗುವುದಾದರೆ ಕೋಣೆಯನ್ನು ತಿಂಗಳುಗಟ್ಟಲೆ ಮೊದಲೇ ಹಿಡಿಯಿರಿ. ಬೆಲೆ ಜಾಸ್ತಿ ಇರುತ್ತದೆ, ಮತ್ತು ಆ ವಾರದ ಕೊನೆಯಲ್ಲಿ ತರಗತಿ ನಡೆಯುತ್ತದೋ ಇಲ್ಲವೋ ಶಾಲೆಯನ್ನೇ ಕೇಳಿಕೊಳ್ಳಿ.

ಹೆಜ್ಜೆ 2: ವೀಸಾ ಮತ್ತು ವಿಮಾನ, ಎರಡನ್ನೂ ಒಟ್ಟಿಗೆ ಯೋಚಿಸಿ

ಇಲ್ಲಿ ನಿಧಾನ ಮಾಡಿ, ಹಣ ಪೋಲಾಗುವುದು ಇಲ್ಲೇ. ಭಾರತದ ಪಾಸ್‌ಪೋರ್ಟ್ ಇರುವವರು ಟಿಕೆಟ್ ತೆಗೆಯುವ ಮೊದಲು ನವದೆಹಲಿಯಲ್ಲಿರುವ ಗ್ವಾಟೆಮಾಲಾ ರಾಯಭಾರ ಕಚೇರಿಗೆ ಇಮೇಲ್ ಬರೆದು, ನಿಮಗೆ ಯಾವ ವೀಸಾ ಬೇಕು, ನಿಮ್ಮ ಹತ್ತಿರ ಈಗಾಗಲೇ ಇರುವ ಅಮೆರಿಕ, ಕೆನಡಾ ಅಥವಾ ಷೆಂಗನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ) ವೀಸಾದಿಂದ ಏನಾದರೂ ಅನುಕೂಲ ಇದೆಯೇ ಎಂದು ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಆ ಉತ್ತರದ ಪ್ರಿಂಟ್ ಜೊತೆಗಿರಲಿ. ವಿಮಾನ ಹತ್ತಿಸುವ ಕೌಂಟರ್‌ನಲ್ಲಿ ಕೂತವರಿಗೆ ಈ ದೇಶದ ನಿಯಮ ಬಾಯಿಪಾಠ ಇರುವುದಿಲ್ಲ.

ಇನ್ನು ದಾರಿ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಅಮೆರಿಕದ ಮೇಲೆ ಹೋದರೆ ಬರೀ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕೇ ಬೇಕು. ಯುರೋಪಿನ ಮೇಲೆ, ಉದಾಹರಣೆಗೆ ಮ್ಯಾಡ್ರಿಡ್‌ನಿಂದ ಗ್ವಾಟೆಮಾಲಾ ಸಿಟಿಗೆ ಹೋಗಬಹುದು. ಆದರೆ ಕೆಲವು ಷೆಂಗನ್ ದೇಶಗಳು ಭಾರತೀಯರಿಂದ ವಿಮಾನ ನಿಲ್ದಾಣದ ಟ್ರಾನ್ಸಿಟ್ ವೀಸಾ ಕೇಳುತ್ತವೆ, ನೋಡಿಕೊಳ್ಳಿ. ಇನ್ನೊಂದು ದಾರಿ ಎಲ್ ಸಾಲ್ವಡಾರ್ ಮೇಲೆ. ಆ ದೇಶ 2023ರ ಅಕ್ಟೋಬರ್‌ನಲ್ಲಿ ಭಾರತ ಮತ್ತು ಆಫ್ರಿಕಾದ ಹಲವು ದೇಶಗಳ ಪಾಸ್‌ಪೋರ್ಟ್ ಇರುವವರಿಗೆ, ಬರೀ ವಿಮಾನ ಬದಲಿಸಲು ಇಳಿದರೂ, ತೆರಿಗೆ ಸೇರಿ 1,130 ಡಾಲರ್ ಶುಲ್ಕ ಹಾಕಿತು. ಟಿಕೆಟ್ ಹುಡುಕುವ ಆ್ಯಪ್‌ಗಳು ಇದನ್ನು ಹೇಳುವುದಿಲ್ಲ. ಅಗ್ಗದ ಟಿಕೆಟ್ ಸ್ಯಾನ್ ಸಾಲ್ವಡಾರ್ ಮೇಲೆ ಹೋಗುತ್ತಿದ್ದರೆ ಆ ಶುಲ್ಕ ಈಗ ಎಷ್ಟಿದೆ ಅಂತ ವಿಚಾರಿಸಿದ ಮೇಲೇ ದುಡ್ಡು ಕಟ್ಟಿ.

ಪನಾಮಾ ಅಥವಾ ಕೊಲಂಬಿಯಾದಲ್ಲಿ ನಿಲ್ದಾಣದಿಂದ ಹೊರಗೆ ಬಂದು ಒಂದೆರಡು ದಿನ ಇರುವ ಆಸೆ ಇದ್ದರೆ ಹಳದಿ ಜ್ವರದ ಲಸಿಕೆ ಇಲ್ಲೇ ಸರ್ಕಾರಿ ಮಾನ್ಯತೆ ಇರುವ ಕೇಂದ್ರದಲ್ಲಿ ಹಾಕಿಸಿಕೊಳ್ಳಿ. ಲಸಿಕೆ ಹಾಕಿಸಿ 10 ದಿನ ಆದಮೇಲೇ ಆ ಪ್ರಮಾಣಪತ್ರಕ್ಕೆ ಬೆಲೆ. ವಾಪಸ್ ಬರುವಾಗ ಭಾರತದ ನಿಲ್ದಾಣದಲ್ಲಿ ಈ ವಿಷಯದಲ್ಲಿ ಕಟ್ಟುನಿಟ್ಟು.

ಒಂದು ಸಣ್ಣ ಎಚ್ಚರಿಕೆ: ಟಿಕೆಟ್ ಹುಡುಕುವಾಗ ಆಂತಿಗ್ವಾ ಅಂತ ಟೈಪ್ ಮಾಡಿದರೆ ಕೆರಿಬಿಯನ್ ಸಮುದ್ರದ ದ್ವೀಪ ದೇಶ ಬರುತ್ತದೆ. ನಿಮಗೆ ಬೇಕಾದದ್ದು ಗ್ವಾಟೆಮಾಲಾ ಸಿಟಿ. ಅಲ್ಲಿಂದ ಆಂತಿಗ್ವಾಕ್ಕೆ ಸುಮಾರು 40 ಕಿ.ಮೀ. ಟ್ರಾಫಿಕ್ ಇದ್ದರೆ ಒಂದೂವರೆ ಗಂಟೆಗೂ ಮೇಲೆ ಹಿಡಿಯುತ್ತದೆ. ಹಗಲು ಇಳಿಯುವ ವಿಮಾನ ಆರಿಸಿ, ಶಾಲೆಯಿಂದಲೇ ಗಾಡಿ ಕಳಿಸಲು ಹೇಳಿ.

ಹೆಜ್ಜೆ 3: ಹೊರಡುವ ಎರಡು ತಿಂಗಳ ಮೊದಲೇ ಸ್ಪ್ಯಾನಿಷ್ ಶುರು ಮಾಡಿ

ಅಲ್ಲಿಗೆ ಹೋಗಿ ಅಂಕಿ, ವಾರದ ಹೆಸರು ಕಲಿಯುತ್ತಾ ಕೂರುವುದು ದಂಡ. ಅಷ್ಟನ್ನು ಮನೆಯಲ್ಲೇ ಮುಗಿಸಿ. ಗ್ವಾಟೆಮಾಲಾದ ಅನೇಕ ಶಾಲೆಗಳು ವಿಡಿಯೋ ಕರೆಯಲ್ಲೂ ಪಾಠ ಮಾಡುತ್ತವೆ. ಸಮಯವೂ ಹೊಂದುತ್ತದೆ: ನಾವು ಅವರಿಗಿಂತ ಹನ್ನೊಂದೂವರೆ ಗಂಟೆ ಮುಂದೆ, ಅಲ್ಲಿ ಬೆಳಿಗ್ಗೆ 7 ಅಂದರೆ ನಮಗೆ ಸಂಜೆ 6.30. ಆಫೀಸು ಮುಗಿಸಿ ಕೂರಬಹುದು.

ಕನ್ನಡ ಬಲ್ಲವರಿಗೆ ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ಸ್ಪ್ಯಾನಿಷ್ ಎಷ್ಟೋ ಕಡೆ ಸುಲಭ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಪಾಠದ ಪುಸ್ತಕಗಳೆಲ್ಲ ಇಂಗ್ಲಿಷ್‌ನವರಿಗಾಗಿ ಬರೆದವು. ಹಾಗಾಗಿ ನೋಟ್‌ಬುಕ್‌ನಲ್ಲಿ ಉಚ್ಚಾರಣೆಯನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ಅವರ ಐದು ಸ್ವರ ಅಂದರೆ ನಮ್ಮ ಅ, ಎ, ಇ, ಒ, ಉ. ಅವರ ತ, ದ ಹೆಚ್ಚುಕಡಿಮೆ ನಮ್ಮ ತ, ದ ಹಾಗೇ ಹಲ್ಲಿಗೆ ತಾಗುತ್ತವೆ. ಕ್ರಿಯಾಪದದ ಕೊನೆಯಲ್ಲೇ ಯಾರು ಅನ್ನುವುದು ಗೊತ್ತಾಗುತ್ತದೆ, ಮಾತಾಡುತ್ತೇನೆ ಅಂದರೆ ನಾನು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ, ಆಬ್ಲೊ ಅಂದರೂ ಅಷ್ಟೇ. ‘ಮೆ ಗುಸ್ತಾ ಎಲ್ ಕಫೆ’ ಕೂಡ ನಮ್ಮ ‘ನನಗೆ ಕಾಫಿ ಇಷ್ಟ’ ಇದ್ದ ಹಾಗೇ ಇದೆ. ಎಲ್ಲರನ್ನೂ ಒದ್ದಾಡಿಸುವ ಎರಡು ಭೂತಕಾಲಗಳಿಗೂ ಹೋದೆ, ಹೋಗುತ್ತಿದ್ದೆ ಅನ್ನುವ ವ್ಯತ್ಯಾಸ ನೆನಪಿಟ್ಟುಕೊಂಡರೆ ದಾರಿ ಸಿಗುತ್ತದೆ: ಫುಯಿ, ಇಬಾ.

ನಮಗೆ ಕಷ್ಟ ಕೊಡುವುದು ಲಿಂಗ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಇದಕ್ಕೆ ಅಡ್ಡದಾರಿ ಇಲ್ಲ, ಪ್ರತಿ ಪದವನ್ನೂ ಲಾ ಮೆಸಾ, ಎಲ್ ಲಿಬ್ರೊ ಅಂತ ಜೊತೆಗೇ ಬಾಯಿಪಾಠ ಮಾಡಿ.

ನೀನು, ನೀವು ವಿಷಯದಲ್ಲಿ ಅಲ್ಲಿ ಮೂರು ಇವೆ: ಉಸ್ತೆದ್, ತು, ವೋಸ್. ಗ್ವಾಟೆಮಾಲಾದಲ್ಲಿ ಸ್ನೇಹಿತರ ನಡುವೆ ವೋಸ್ ಧಾರಾಳವಾಗಿ ಕೇಳಿಸುತ್ತದೆ. ನೀವು ಮಾತ್ರ ಹಿರಿಯರು, ಅಂಗಡಿಯವರು, ಚಾಲಕರು, ಎಲ್ಲರಿಗೂ ಉಸ್ತೆದ್ ಬಳಸಿ. ತಪ್ಪಾಗುವುದಿಲ್ಲ.

ಹೆಜ್ಜೆ 4: ಊರು ಆರಿಸಿ, ಆಮೇಲೆ ಶಾಲೆ

ಮೂರು ಊರುಗಳು ಲೆಕ್ಕಕ್ಕೆ ಬರುತ್ತವೆ. ಆಂತಿಗ್ವಾ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಹಿತವಾದ ಹವೆ, ಹೆಜ್ಜೆಗೊಂದು ಹಳೇ ಕಟ್ಟಡ. ಆದರೆ ಪ್ರವಾಸಿಗರು ಜಾಸ್ತಿ, ಅಂಗಡಿಯಲ್ಲಿ ನೀವು ಸ್ಪ್ಯಾನಿಷ್‌ನಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲಿ ಉತ್ತರ ಬರುತ್ತದೆ. ಕೆತ್ಸಾಲ್ತೆನಾಂಗೊ, ಎಲ್ಲರೂ ಶೇಲಾ ಅನ್ನುವ ಊರು, 2,300 ಮೀಟರ್‌ಗೂ ಮೇಲಿದೆ. ರಾತ್ರಿ ಗಡಗಡ ಚಳಿ. ಅಲ್ಲಿ ಇಂಗ್ಲಿಷ್ ಕಿವಿಗೆ ಬೀಳುವುದೇ ಕಡಿಮೆ, ಕಲಿಯುವುದೇ ಗುರಿ ಅನ್ನುವವರಿಗೆ ಅದೇ ಒಳ್ಳೆಯದು. ಮೂರನೆಯದು ಅತಿತ್ಲಾನ್ ಸರೋವರದ ದಡದ ಸಾನ್ ಪೆದ್ರೊ ಲಾ ಲಗೂನಾ. ಅಲ್ಲಿನವರ ಮನೆಮಾತು ತ್ಸುತುಹಿಲ್ ಅನ್ನುವ ಮಾಯಾ ಭಾಷೆ, ಖರ್ಚು ಕಡಿಮೆ, ನೋಟ ಅದ್ಭುತ. ಆದರೆ ರಾತ್ರಿ ಬಾರ್‌ಗಳ ಗದ್ದಲವೂ ಇದೆ, ಉಳಿಯುವ ಮನೆ ಊರಿನ ಮೇಲ್ಭಾಗದ ಬೀದಿಗಳಲ್ಲಿ ಸಿಕ್ಕರೆ ವಾಸಿ.

ನನ್ನ ಆಯ್ಕೆ: ಮೊದಲ ವಾರ ಆಂತಿಗ್ವಾ, ಎರಡನೇ ವಾರ ಶೇಲಾ ಅಥವಾ ಸಾನ್ ಪೆದ್ರೊ.

ಇಲ್ಲಿನ ಶಾಲೆಗಳ ವಿಶೇಷ ಅಂದರೆ ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕರು. ಸೋಮವಾರದಿಂದ ಶುಕ್ರವಾರ, ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ 20. ಒಳ ಅಂಗಳದಲ್ಲಿ ಗಿಡಗಳ ಮಧ್ಯೆ ಸಣ್ಣ ಸಣ್ಣ ಮೇಜು, ಎದುರುಬದುರು ಎರಡು ಕುರ್ಚಿ, ಮಧ್ಯೆ ಒಂದು ಗೆರೆ ಹಾಳೆ. ನೀವು ನಿನ್ನೆ ಏನು ಮಾಡಿದಿರಿ ಅಂತ ಹೇಳುತ್ತಾ ಹೋಗುತ್ತೀರಿ, ಅವರು ನಿಮ್ಮ ತಪ್ಪುಗಳನ್ನು ಹಾಳೆಯ ಒಂದು ಬದಿಗೆ ಬರೆಯುತ್ತಾ ಹೋಗುತ್ತಾರೆ, ನೀವು ಮುಗಿಸಿದ ಮೇಲೆ ಆ ಪಟ್ಟಿಯೇ ಅಂದಿನ ವ್ಯಾಕರಣ ಪಾಠ. ಎರಡನೇ ಗಂಟೆಗೆ ತಲೆ ಬಿಸಿಯಾಗುತ್ತದೆ. ವಿರಾಮದಲ್ಲಿ ಕಾಫಿ ಕುಡಿಯಿರಿ, ಬೇರೆ ವಿದೇಶಿಯರ ಜೊತೆ ಇಂಗ್ಲಿಷ್‌ಗೆ ಜಾರಬೇಡಿ.

ಶಾಲೆಗೆ ಬರೆಯುವಾಗ ಇಷ್ಟು ಕೇಳಿ: ಶಿಕ್ಷಕರು ಹೊಂದದಿದ್ದರೆ ಬದಲಾಯಿಸಬಹುದೇ? ನಾನು ಕೊಡುವ ಶುಲ್ಕದಲ್ಲಿ ಶಿಕ್ಷಕರ ಕೈಗೆ ಎಷ್ಟು ಹೋಗುತ್ತದೆ? ಒಂದೆರಡು ತರಗತಿಯನ್ನು ಮಾರುಕಟ್ಟೆಯಲ್ಲೋ ಮ್ಯೂಸಿಯಂನಲ್ಲೋ ಮಾಡಬಹುದೇ? ಕೊನೆಯದಕ್ಕೆ ಹೌದು ಅನ್ನುವ ಶಾಲೆ ನಮಗೆ ಬೇಕು. ಎರಡನೆಯದಕ್ಕೆ ನೇರ ಉತ್ತರ ಕೊಡದ ಶಾಲೆಯನ್ನು ನಾನಾದರೆ ಬಿಟ್ಟುಬಿಡುತ್ತೇನೆ. ಪೂರ್ತಿ ದುಡ್ಡು ಮುಂಗಡ ಕಟ್ಟಬೇಡಿ, ಮೊದಲ ವಾರದ್ದು ಸಾಕು.

ಹೆಜ್ಜೆ 5: ಮನೆಯಲ್ಲಿ ಉಳಿಯಿರಿ, ಊಟದ ಮಾತು ಮೊದಲೇ ಆಡಿ

ಶಾಲೆಗಳೇ ಸ್ಥಳೀಯ ಕುಟುಂಬದ ಮನೆಯಲ್ಲಿ ಕೋಣೆ ಮಾಡಿಕೊಡುತ್ತವೆ. ಸಾಮಾನ್ಯವಾಗಿ ದಿನಕ್ಕೆ ಮೂರು ಊಟ, ಭಾನುವಾರ ಮಾತ್ರ ಹೊರಗೆ. ತರಗತಿಯ ನಾಲ್ಕು ಗಂಟೆಗಿಂತ ಈ ಊಟದ ಮೇಜಿನಲ್ಲಿ ಕಲಿಯುವುದೇ ಹೆಚ್ಚು ಅನ್ನುವುದು ನನ್ನ ನಂಬಿಕೆ.

ಸಸ್ಯಾಹಾರಿಗಳು ಗಮನಿಸಿ. ಬರೀ ‘ಸಿನ್ ಕಾರ್ನೆ’ ಅಂದರೆ ಸಾಲದು, ಹಲವರಿಗೆ ಕಾರ್ನೆ ಅಂದರೆ ದನದ ಮಾಂಸ ಅಂತಲೇ ಅರ್ಥ, ಕೋಳಿ ತಟ್ಟೆಗೆ ಬರಬಹುದು. ‘ನೊ ಕೊಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ’ ಅಂತ ಮೂರನ್ನೂ ಹೆಸರಿಸಿ: ಮಾಂಸ, ಕೋಳಿ, ಮೀನು. ಕಪ್ಪು ಹುರುಳಿಕಾಯಿ ಬೀಜದ ಫ್ರಿಹೋಲೆಸ್‌ಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ‘ತಿಯೆನೆ ಮಾಂತೇಕಾ?’ ಅಂತ ಕೇಳಿ. ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದೂ ಉಂಟು. ಇಷ್ಟು ದಾಟಿದರೆ ನಮ್ಮವರು ಅಲ್ಲಿ ಹಸಿದಿರಬೇಕಾಗಿಲ್ಲ. ಬೆಣ್ಣೆಹಣ್ಣು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಕರಿದ ಬಾಳೆಹಣ್ಣು, ಬಾಳೆಹಣ್ಣಿನೊಳಗೆ ಹುರುಳಿಬೀಜದ ಸಿಹಿ ತುಂಬಿದ ರೆಯೆನಿತೊಸ್, ಎಳೆ ಜೋಳದ ಬಿಸಿ ಬಿಸಿ ಗಂಜಿ ಅತೊಲ್. ತೋರ್ತಿಯಾ ಅಂಗಡಿ ಮುಂದೆ ಹೋದರೆ ಹೆಂಗಸರು ಎರಡೂ ಅಂಗೈ ನಡುವೆ ಜೋಳದ ಹಿಟ್ಟು ತಟ್ಟುವ ಸದ್ದು, ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ಕೇಳಿ ಬೆಳೆದವರು ಅಲ್ಲಿಂದ ಬೇಗ ಕದಲುವುದಿಲ್ಲ. ಅವರ ಜೋಳ ಮಾತ್ರ ಮೆಕ್ಕೆಜೋಳ.

ಕೊಡಗು, ಸಕಲೇಶಪುರದವರಿಗೆ ಒಂದು ವಿಷಯ: ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶ ಗ್ವಾಟೆಮಾಲಾ. ಕೊಬಾನ್ ಸುತ್ತಲಿನ ಬೆಟ್ಟಗಳಲ್ಲಿ ಬೆಳೆಯುತ್ತಾರೆ. ಆದರೆ ಅಲ್ಲಿನ ಅಡುಗೆಯಲ್ಲಿ ಅದಕ್ಕೆ ಜಾಗ ಬಹಳ ಕಡಿಮೆ. ಮಾರುಕಟ್ಟೆಯಲ್ಲಿ ಸಿಕ್ಕರೆ ತಂದು ಮನೆಯವರಿಗೆ ಒಂದು ದಿನ ಏಲಕ್ಕಿ ಟೀ ಮಾಡಿಕೊಡಿ. ಒಂದು ಸಂಜೆ ಪೂರ್ತಿ ಮಾತಿಗೆ ವಸ್ತು ಸಿಗುತ್ತದೆ.

ನಲ್ಲಿ ನೀರು ಕುಡಿಯಬೇಡಿ. ವಿದ್ಯುತ್ 120 ವೋಲ್ಟ್, ಚಪ್ಪಟೆ ಕಡ್ಡಿಯ ಪ್ಲಗ್, ಅಡಾಪ್ಟರ್ ಒಯ್ಯಿರಿ.

ಹೆಜ್ಜೆ 6: ಮೊದಲ ವಾರ, ನಾಲ್ಕು ರಾಜಧಾನಿಗಳ ಕಥೆ ಹಿಡಿದು ನೋಡಿ

ಬೆಳಿಗ್ಗೆ ತರಗತಿ, ಮಧ್ಯಾಹ್ನ ಊರು. ಆದರೆ ಚರ್ಚಿನಿಂದ ಚರ್ಚಿಗೆ ಸುಮ್ಮನೆ ಅಲೆದರೆ ಮೂರನೇ ದಿನಕ್ಕೆ ಎಲ್ಲ ಒಂದೇ ಥರ ಕಾಣುತ್ತದೆ. ಅದಕ್ಕೆ ಈ ಎಳೆ ಹಿಡಿಯಿರಿ. ಸ್ಪೇನಿನವರು 1524ರಲ್ಲಿ ಕಕ್ಚಿಕೆಲ್ ಎಂಬ ಮಾಯಾ ಜನರ ರಾಜಧಾನಿ ಇಶಿಮ್ಚೆಯಲ್ಲಿ ತಮ್ಮ ಮೊದಲ ರಾಜಧಾನಿ ಹೂಡಿದರು. ಕಕ್ಚಿಕೆಲರು ತಿರುಗಿಬಿದ್ದರು. ಆಮೇಲೆ 1527ರಲ್ಲಿ ಆಗ್ವಾ ಜ್ವಾಲಾಮುಖಿಯ ಬುಡಕ್ಕೆ ಬಂದರು. 1541ರಲ್ಲಿ ಆ ಬೆಟ್ಟದಿಂದ ನೀರು, ಕೆಸರು, ಬಂಡೆ ಒಟ್ಟಿಗೆ ನುಗ್ಗಿ ಊರನ್ನು ಮುಚ್ಚಿತು. ಅದು ಈಗಿನ ಸಿಯುದಾದ್ ವಿಯೆಹಾ ಇರುವ ಕಡೆ. 1543ರಲ್ಲಿ ಈಗಿನ ಆಂತಿಗ್ವಾ ಕಟ್ಟಿದರು. 1773ರ ಭೂಕಂಪಗಳು ಅದನ್ನೂ ಉರುಳಿಸಿದವು. 1776ರಲ್ಲಿ ರಾಜಧಾನಿ ಈಗಿನ ಗ್ವಾಟೆಮಾಲಾ ಸಿಟಿಗೆ ಹೋಯಿತು. ಹಾಗಾಗಿ ನೀವು ನೋಡುವುದು ಜನ ಬಿಟ್ಟುಹೋಗಬೇಕು ಎಂದು ಆಜ್ಞೆಯಾದ, ಆದರೂ ಕೆಲವರು ಬಿಡದೇ ಉಳಿದ ಊರು. ಯುನೆಸ್ಕೊ 1979ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಕಥೆ ತಲೆಯಲ್ಲಿದ್ದರೆ ಗೋಡೆಗಳೇ ಮಾತಾಡುತ್ತವೆ. ಮೊದಲು ಹಳೇ ಕೆಥೆಡ್ರಲ್‌ನ ಹಿಂಭಾಗಕ್ಕೆ ಹೋಗಿ, ಚಾವಣಿ ಇಲ್ಲದ ಕಮಾನುಗಳ ಕೆಳಗೆ ನಿಂತು ಮೇಲೆ ನೋಡಿ. ಆಮೇಲೆ ಹಳದಿ ಬಣ್ಣದ ಲಾ ಮೆರ್ಸೆದ್ ಚರ್ಚಿಗೆ ಬನ್ನಿ. ಗೋಪುರಗಳು ಗಿಡ್ಡ, ಗೋಡೆಗಳು ದಪ್ಪ. ಭೂಕಂಪಕ್ಕೆ ಬಗ್ಗಬಾರದು ಎಂದೇ ಕಟ್ಟಿದ್ದು, 1773ರಲ್ಲಿ ನಿಂತೂ ಬಿಟ್ಟಿತು. ಕಪುಚಿನಾಸ್ ಕಾನ್ವೆಂಟ್‌ನಲ್ಲಿ ಸನ್ಯಾಸಿನಿಯರ 18 ಪುಟ್ಟ ಕೋಣೆಗಳನ್ನು ದುಂಡಗೆ ಜೋಡಿಸಿದ ಕಟ್ಟಡ ಇದೆ, ಅದಕ್ಕೆ ಒಂದು ಮಧ್ಯಾಹ್ನ ಕೊಡಿ. ಸಾಂತಾ ಕತಲಿನಾ ಕಮಾನಿನ ಮುಂದೆ ಎಲ್ಲರೂ ಫೋಟೋ ತೆಗೆಯುತ್ತಾರೆ. ಅದನ್ನು ಕಟ್ಟಿದ್ದು ಸನ್ಯಾಸಿನಿಯರು ಬೀದಿಯ ಜನರ ಕಣ್ಣಿಗೆ ಬೀಳದೆ ಆಚೆ ಕಟ್ಟಡಕ್ಕೆ ದಾಟಲಿ ಅಂತ. ಸಾನ್ ಫ್ರಾನ್ಸಿಸ್ಕೊ ಚರ್ಚಿನಲ್ಲಿ 2002ರಲ್ಲಿ ಸಂತ ಪದವಿ ಪಡೆದ ಎರ್ಮಾನೊ ಪೆದ್ರೊ ಅವರ ಸಮಾಧಿ ಇದೆ, ಜನ ಹರಕೆ ಹೊತ್ತು ಬರುತ್ತಾರೆ. ಅಲ್ಲಿ ಕ್ಯಾಮೆರಾ ಒಳಗಿಡಿ.

ದಾರಿ ಕಂಡುಹಿಡಿಯುವುದು ಸುಲಭ: ಅವೆನಿದಾ ಅನ್ನುವ ಬೀದಿಗಳು ಉತ್ತರ ದಕ್ಷಿಣ, ಕಾಯೆ ಅನ್ನುವ ಬೀದಿಗಳು ಪೂರ್ವ ಪಶ್ಚಿಮ, ಎಲ್ಲಕ್ಕೂ ನಂಬರು.

ಶನಿವಾರ ಅಕತೆನಾಂಗೊ ಜ್ವಾಲಾಮುಖಿ ಬೆಟ್ಟ ಹತ್ತಬೇಕು ಅನ್ನಿಸಬಹುದು. 3,976 ಮೀಟರ್. ರಾತ್ರಿ ಅಲ್ಲೇ ಉಳಿದು ಎದುರಿನ ಫುವೆಗೊ ಬೆಂಕಿ ಉಗುಳುವುದನ್ನು ನೋಡುತ್ತಾರೆ. ಕಾಲಲ್ಲಿ ಕಸುವಿದ್ದರೆ ಹೋಗಿ, ಆದರೆ ಗೈಡ್ ಜೊತೆಗೆ ಮಾತ್ರ, ಮತ್ತು ಫುವೆಗೊ ಹತ್ತಿರದ ಬೆಟ್ಟದ ಏಣಿನವರೆಗೂ ಹೋಗೋಣ ಅಂದರೆ ಬೇಡ ಅನ್ನಿ. 2018ರ ಜೂನ್‌ನಲ್ಲಿ ಅದೇ ಜ್ವಾಲಾಮುಖಿ ಕೆಳಗಿನ ಹಳ್ಳಿಗಳಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡಿತು.

ಹೆಜ್ಜೆ 7: ಎರಡನೇ ವಾರ ಮೇಲಿನ ನಾಡಿಗೆ

ಭಾನುವಾರ ಹೊರಡಿ. ದಾರಿಯಲ್ಲಿ ತೆಕ್ಪಾನ್ ಹತ್ತಿರ ಇಶಿಮ್ಚೆ ಸಿಗುತ್ತದೆ, ಮೊದಲ ರಾಜಧಾನಿ. ಪೈನ್ ಮರಗಳ ಮಧ್ಯೆ ತಗ್ಗು ದಿಬ್ಬಗಳು, ಅವುಗಳ ಹಿಂಭಾಗದಲ್ಲಿ ಈಗಲೂ ಮಾಯಾ ಜನ ಧೂಪ, ಮೇಣದಬತ್ತಿ ಹಚ್ಚಿ ಪೂಜೆ ಮಾಡುವ ಜಾಗ. ಪೂಜೆ ನಡೆಯುತ್ತಿದ್ದರೆ ದೂರ ನಿಲ್ಲಿ.

ಗುರುವಾರ ಮತ್ತು ಭಾನುವಾರ ಚಿಚಿಕಾಸ್ತೆನಾಂಗೊ ಸಂತೆ. ಅಲ್ಲಿನ ಸಾಂತೊ ತೊಮಾಸ್ ಚರ್ಚಿನ ಮೆಟ್ಟಿಲ ಮೇಲೆ ಹೂವು, ಹೊಗೆ, ಜನ. ಕಿಚೆ ಎಂಬ ಮಾಯಾ ಜನರ ಸೃಷ್ಟಿಪುರಾಣ ‘ಪೊಪೊಲ್ ವುಹ್’ ಅನ್ನು ಫ್ರಾನ್ಸಿಸ್ಕೊ ಶಿಮೆನೆಸ್ ಎಂಬ ಪಾದ್ರಿ 18ನೇ ಶತಮಾನದ ಶುರುವಿನಲ್ಲಿ ನಕಲು ಮಾಡಿಕೊಂಡದ್ದು ಈ ಊರಿನಲ್ಲೇ. ಆ ಪ್ರತಿ ಉಳಿದದ್ದರಿಂದಲೇ ಆ ಕಥೆ ನಮ್ಮವರೆಗೆ ಬಂದಿದೆ.

ಅತಿತ್ಲಾನ್‌ನಲ್ಲಿ ಊರಿಂದ ಊರಿಗೆ ಲಾಂಚಾ ದೋಣಿಗಳು. ಬೆಳಿಗ್ಗೆಯೇ ಓಡಾಡಿ. ಮಧ್ಯಾಹ್ನದ ಮೇಲೆ ಶೊಕೊಮಿಲ್ ಅನ್ನುವ ಗಾಳಿ ಎದ್ದು ನೀರು ಕುಲುಕಾಡಿಸುತ್ತದೆ. ಸಾನ್ ಹುವಾನ್‌ನಲ್ಲಿ ಹೆಂಗಸರ ನೇಯ್ಗೆ ಸಹಕಾರ ಸಂಘಗಳಿವೆ. ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗ, ಗಿಡಮೂಲಿಕೆ ಬಣ್ಣ. ಕೊಳ್ಳುವುದಾದರೆ ಇಲ್ಲಿ ಕೊಳ್ಳಿ, ತುಂಬಾ ಚೌಕಾಸಿ ಮಾಡಬೇಡಿ.

ಈ ವಾರ ಶಿಕ್ಷಕರ ಜೊತೆ ಮಾತು ಸ್ವಲ್ಪ ಆಳಕ್ಕೆ ಹೋಗುತ್ತದೆ. ಇಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧ ನಡೆಯಿತು, ಸತ್ತವರಲ್ಲಿ ಹೆಚ್ಚಿನವರು ಮಾಯಾ ಜನ. ನೀವಾಗಿ ಕೆದಕಬೇಡಿ. ಅವರಾಗಿ ಹೇಳಿದರೆ ವ್ಯಾಕರಣ ಬದಿಗಿಟ್ಟು ಕೇಳಿ.

ಹೆಜ್ಜೆ 8: ಮೂರನೇ ವಾರ, ಕಿರಿಗ್ವಾದಿಂದ ತಿಕಾಲ್‌ಗೆ

ಗ್ವಾಟೆಮಾಲಾ ಸಿಟಿಯಲ್ಲಿ ಒಂದು ದಿನ ಪೊಪೊಲ್ ವುಹ್ ಮ್ಯೂಸಿಯಂ, ಪಕ್ಕದ ಇಶ್ಚೆಲ್ ಬಟ್ಟೆ ಮ್ಯೂಸಿಯಂ. ಆಮೇಲೆ ಅಟ್ಲಾಂಟಿಕ್ ಕಡೆಯ ಹೆದ್ದಾರಿ ಹಿಡಿದು ಕಿರಿಗ್ವಾ ಎಂಬ ಹಳೇ ಮಾಯಾ ನಗರಕ್ಕೆ. ತಿಕಾಲ್‌ನ ಅವಸರದಲ್ಲಿ ಇದನ್ನು ಬಿಡುವವರೇ ಜಾಸ್ತಿ, ನೀವು ಬಿಡಬೇಡಿ. ಬಾಳೆ ತೋಟಗಳ ಮಧ್ಯೆ ಒಂದು ಹುಲ್ಲು ಬಯಲು, ಅದರಲ್ಲಿ ಚಾವಣಿಗಳ ಕೆಳಗೆ ನೆಟ್ಟಗೆ ನಿಂತ ಶಿಲಾಸ್ತಂಭಗಳು. ಅಕ್ಷರ ಇ ಎಂದು ಗುರುತಿಸುವ ಸ್ತಂಭ 10.6 ಮೀಟರ್, ಕ್ರಿ.ಶ. 771ರದ್ದು.

ಹೋಗುವ ಮೊದಲು ಮಾಯಾ ಅಂಕಿ ಕಲಿಯಿರಿ, ಹತ್ತು ನಿಮಿಷ ಸಾಕು. ಚುಕ್ಕೆ ಅಂದರೆ 1, ಗೆರೆ ಅಂದರೆ 5, ಸೊನ್ನೆಗೆ ಬೇರೆ ಚಿಹ್ನೆ. ಎರಡು ಗೆರೆ, ಮೂರು ಚುಕ್ಕೆ ಅಂದರೆ 13. ದಿನಗಳನ್ನು 20, 360, 7,200, 1,44,000ರ ಕಟ್ಟುಗಳಲ್ಲಿ ಎಣಿಸುತ್ತಿದ್ದರು. ಸಿ ಸ್ತಂಭದಲ್ಲಿ 13ರ ಮುಂದೆ ನಾಲ್ಕು ಸೊನ್ನೆಗಳ ತಾರೀಖು ಕೆತ್ತಿದ್ದಾರೆ. ಅದು ಕ್ರಿ.ಪೂ. 3114, ಅವರ ಲೆಕ್ಕದಲ್ಲಿ ಈ ಜಗತ್ತು ಶುರುವಾದ ದಿನ. ಕಲ್ಲಿನ ಮುಂದೆ ನಿಂತು ನೀವೇ ಅದನ್ನು ಓದಿದರೆ ಆಗುವ ಖುಷಿ ಯಾವ ಗೈಡ್ ಹೇಳಿದರೂ ಬರುವುದಿಲ್ಲ.

ಗಡಿಯಾಚೆ ಹೊಂಡುರಾಸ್‌ನಲ್ಲಿ ಕೋಪಾನ್ ಎಂಬ ಇನ್ನೊಂದು ಮಾಯಾ ನಗರ ಇದೆ, ಗಡಿಯಿಂದ ಸುಮಾರು 12 ಕಿ.ಮೀ. ಅಷ್ಟೇ. ಅಲ್ಲಿನ ಮೆಟ್ಟಿಲುಗಳಲ್ಲಿ 2,000ಕ್ಕೂ ಹೆಚ್ಚು ಅಕ್ಷರಗಳ ಶಾಸನವಿದೆ, ಮಾಯಾ ಬರಹಗಳಲ್ಲೇ ಅತಿ ಉದ್ದದ್ದು. 738ರಲ್ಲಿ ಕೈಕೆಳಗಿದ್ದ ಕಿರಿಗ್ವಾದ ರಾಜ ಕೋಪಾನ್‌ನ ದೊರೆಯನ್ನೇ ಸೆರೆಹಿಡಿದು ಕೊಲ್ಲಿಸಿದ, ಎರಡೂ ಊರು ನೋಡಿದರೆ ಆ ಕಥೆ ಪೂರ್ತಿಯಾಗುತ್ತದೆ. ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ನಡುವೆ ಓಡಾಟದ ಒಪ್ಪಂದ ಇದೆ, ಒಟ್ಟು 90 ದಿನ. ಆದರೂ ಭಾರತದ ಪಾಸ್‌ಪೋರ್ಟ್‌ಗೆ ಹೊಂಡುರಾಸ್ ಏನು ಕೇಳುತ್ತದೆ ಎಂದು ಊರಲ್ಲಿರುವಾಗಲೇ ವಿಚಾರಿಸಿ. ಸ್ಪಷ್ಟ ಉತ್ತರ ಸಿಗದಿದ್ದರೆ ಕಿರಿಗ್ವಾ ಒಂದೇ ಸಾಕು.

ಅಲ್ಲಿಂದ ರಿಯೊ ದುಲ್ಸೆ ಮೂಲಕ ಫ್ಲೋರೆಸ್. ಸರೋವರದ ಮಧ್ಯದ ಈ ಪುಟ್ಟ ದ್ವೀಪದಲ್ಲೇ 1697ರವರೆಗೂ ಕೊನೆಯ ಮಾಯಾ ರಾಜ್ಯ ಉಳಿದಿತ್ತು. ಎರಡು ರಾತ್ರಿ ಇಟ್ಟುಕೊಳ್ಳಿ, ಸಾಧ್ಯವಾದರೆ ಒಂದು ರಾತ್ರಿ ತಿಕಾಲ್ ಉದ್ಯಾನದ ಒಳಗಿನ ವಸತಿಯಲ್ಲೇ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ, ಹೌಲರ್ ಕೋತಿಗಳ ಅಬ್ಬರ ಆಗಲೇ ಜೋರು. ಮೊದಲು 4ನೇ ದೇಗುಲ ಹತ್ತಿ, ಸುಮಾರು 65 ಮೀಟರ್. ಮರಗಳ ತಲೆಯ ಮೇಲೆ ಉಳಿದ ಗೋಪುರಗಳು ಕಾಣುತ್ತವೆ. ಆಮೇಲೆ ದೊಡ್ಡ ಅಂಗಳಕ್ಕೆ ಇಳಿದು 1ನೇ ದೇಗುಲದ ಎದುರು ಕೂರಿ. ಅದರ ಕೆಳಗೆ ಹಸಾವ್ ಚಾನ್ ಕವೀಲ್ ರಾಜನ ಸಮಾಧಿ ಸಿಕ್ಕಿತು. ಗೈಡ್ ಬೇಕು, ಸ್ಪ್ಯಾನಿಷ್ ಗೈಡ್ ತೆಗೆದುಕೊಳ್ಳಿ. ‘ಮಾಸ್ ದೆಸ್ಪಾಸಿಯೊ, ಪೊರ್ ಫಾವೊರ್’ ಅಂದರೆ ನಿಧಾನಕ್ಕೆ ಹೇಳುತ್ತಾರೆ. ಸೊಳ್ಳೆ ಔಷಧಿ, ನೀರು ಜಾಸ್ತಿ ಇರಲಿ, ಇಲ್ಲಿ ಬೆಟ್ಟದ ತಂಪಿಲ್ಲ.

ದುಡ್ಡಿನ ಮಾತು ಒಂದಿಷ್ಟು. ನಾಣ್ಯ ಕೆತ್ಸಾಲ್, ಡಾಲರಿಗೆ ಏಳೂವರೆ ಚಿಲ್ಲರೆ. ರೂಪಾಯಿ ಬದಲಾಯಿಸಲಾಗದು, ಫಾರೆಕ್ಸ್ ಕಾರ್ಡ್ ಮತ್ತು ಹರಿಯದ, ಗೀಚಿಲ್ಲದ ಡಾಲರ್ ನೋಟು ಒಯ್ಯಿರಿ. ಎಟಿಎಂ ಬ್ಯಾಂಕಿನ ಒಳಗಿನದೇ ಬಳಸಿ. ಬಣ್ಣ ಬಳಿದ ಹಳೇ ಶಾಲಾ ಬಸ್ಸುಗಳಲ್ಲಿ ಹತ್ತಿರದ ಊರಿಗೆ ಹಗಲು ಹೋಗಿ, ಮಜಾ ಇರುತ್ತದೆ. ದೂರಕ್ಕೆ ಪ್ರವಾಸಿ ಶಟಲ್, ಕತ್ತಲಾದ ಮೇಲೆ ಪ್ರಯಾಣ ಬೇಡ.

ಫ್ಲೋರೆಸ್‌ನಿಂದ ಗ್ವಾಟೆಮಾಲಾ ಸಿಟಿಗೆ ಬಸ್ಸಿನಲ್ಲಿ ಎಂಟರಿಂದ ಹತ್ತು ಗಂಟೆ, ವಿಮಾನದಲ್ಲಿ ಒಂದು ಗಂಟೆ. ವಾಪಸ್ ಬರುವಾಗ ವಿಮಾನವೇ ಇರಲಿ, ಮತ್ತು ಊರಿಗೆ ಹೊರಡುವ ವಿಮಾನಕ್ಕೆ ಮುಂಚೆ ಪೂರ್ತಿ ಒಂದು ದಿನ ಖಾಲಿ ಇಡಿ. ಮಳೆ, ಬೂದಿ, ರಸ್ತೆ ತಡೆ, ಯಾವುದು ಬಂದರೂ ಆ ಒಂದು ದಿನ ಕಾಪಾಡುತ್ತದೆ.